ಹರಿಗೋಲಿನಲ್ಲಿ ಕೂತಿದ್ದವಳು ನಾನು

ನನ್ನ ಮನೆಯ ಗೋಡೆಗೆ ನನ್ನ ತಂಗಿಯ ಹೆಸರಿನ ಹಲಗೆ ಹೊಡೆಯುವಾಗ ಸ್ಟೂಲು ಅಲುಗಾಡದಂತೆ ಹಿಡಿದುಕೊಂಡವಳು ನಾನೇ. ಹೊಡೆಯಲು ಬಂದವರು ನಮ್ಮ ಊರಿನ ಓದಿನ ಹಬ್ಬದ ಸಮಿತಿಯವರು. ನಾಡಿನ ಹೆಸರಾಂತ ಕತೆಗಾರ್ತಿ ಹುಟ್ಟಿ ಬೆಳೆದ ಮನೆ ಇದು ಎಂದು ಹಸಿರು ತಗಡಿನ ಮೇಲೆ ಬಿಳಿ ಅಕ್ಷರದಲ್ಲಿ ಬರೆಸಿಕೊಂಡು ಬಂದಿದ್ದರು. ಮೊಳೆ ಹೊಡೆದಾದ ಮೇಲೆ ಸಮಿತಿಯ ಅಧ್ಯಕ್ಷರು ಬೀದಿಯ ಆಚೆ ಬದಿಗೆ ಹೋಗಿ, ಕತ್ತು ಓರೆ ಮಾಡಿ ನೋಡಿದರು.

"ಟೀಚರ್, ಸೊಟ್ಟ ಕಾಣತೈತೇನ್ರಿ?"

"ಇಲ್ರಿ, ನೆಟ್ಟಗ ಐತಿ" ಅಂದೆ. ನಿಜವಾಗಿ ಅದು ಬಲಕ್ಕೆ ಸ್ವಲ್ಪ ವಾಲಿತ್ತು. ವಾಲಿದ್ದರೆ ವಾಲಿಕೊಂಡೇ ಇರಲಿ ಅನ್ನಿಸಿತು.

ಆ ಮನೆಯಲ್ಲಿ ನಾನೂ ಹುಟ್ಟಿದ್ದೇನೆ. ಅವಳಿಗಿಂತ ಎಂಟು ವರ್ಷ ಮೊದಲೇ ಹುಟ್ಟಿದ್ದೇನೆ. ಅವಳು ನೌಕರಿ, ಮದುವೆ ಎಂದು ಹೊಸಪೇಟೆಗೆ ಹೋದ ಮೇಲೂ ನಾನು ಇಲ್ಲೇ ಉಳಿದೆ. ಅವ್ವನನ್ನು ಕೊನೆಯವರೆಗೆ ನೋಡಿಕೊಂಡಿದ್ದು ಇಲ್ಲೇ. ಮಾಳಿಗೆ ಸೋರಿದರೆ ಮೇಲೆ ಹತ್ತುವವರು ನನ್ನ ಗಂಡ, ಗೋಡೆಯ ಸಂದಿಯಲ್ಲಿ ಮೊಳೆತ ಆಲದ ಸಸಿ ಕೀಳುವವಳು ನಾನು. ಬರೆಯುವುದನ್ನಾದರೂ ಅವಳೊಬ್ಬಳೇ ಬರೆಯುತ್ತಾಳೆಯೇ ಅಂದರೆ ಅದೂ ಇಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ನಾನು ಬರೆದ ಪ್ರಬಂಧಗಳು ಎರಡು ಪುಸ್ತಕಗಳಾಗಿವೆ. ಊರಲ್ಲಿ ಅವನ್ನು ಓದಿದವರಿದ್ದಾರೆ. "ನಿಮ್ಮ ಪುಸ್ತಕ ಭಾಳ ಚಲೋ ಐತ್ರಿ ಟೀಚರ್, ಅಕ್ಷರ ದೊಡ್ಡದು ಹಾಕ್ಯಾರ" ಎಂದು ಮೆಚ್ಚಿಕೊಂಡವರೂ ಇದ್ದಾರೆ.

ಹಲಗೆಯಲ್ಲಿ ಇನ್ನೊಂದು ಸಾಲಿಗೆ ಜಾಗವಿತ್ತು. ಇಬ್ಬರು ಬರಹಗಾರ್ತಿಯರ ಮನೆ ಎಂದು ಬರೆಸಿದ್ದರೆ ಬಣ್ಣವೇನೂ ಹೆಚ್ಚು ಖರ್ಚಾಗುತ್ತಿರಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿಕೊಟ್ಟೆ.

ನಮ್ಮ ಕಂಪ್ಲಿಯ ಈ ಹಬ್ಬಕ್ಕೆ ಕಟ್ಟೆ ಓದು ಎಂದು ಹೆಸರು. ಶುರುವಾಗಿ ಈಚೆಗೆ ಕೆಲವು ವರ್ಷವಾಯಿತು. ನವೆಂಬರಿನಲ್ಲಿ ಒಂದು ಭಾನುವಾರ ನಡೆಯುತ್ತದೆ. ಭಾಷಣ, ಶಾಲು, ಹಾರ ಕಡಿಮೆ. ನಮ್ಮ ಊರಿನವರು ನಮ್ಮ ಊರಿನ ಬಗ್ಗೆ ಬರೆದದ್ದನ್ನು ಆಯಾ ಓಣಿಯ ಜನ ತಮ್ಮ ಓಣಿಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಬೇಕು. ಬರಹದಲ್ಲಿ ಬಾವಿ ಬಂದರೆ ಆ ಬಾವಿಯ ಹತ್ತಿರ, ಗಿರಣಿ ಬಂದರೆ ಗಿರಣಿಯ ಮುಂದೆ. ಓದಿದ ಓಣಿಯವರು ಕೇಳಲು ಬಂದವರಿಗೆಲ್ಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ಚಹಾ ಕೊಡಬೇಕು. ಹೀಗೆ ಓಣಿಯಿಂದ ಓಣಿಗೆ ತಿನ್ನುತ್ತ ಕೇಳುತ್ತ ಊರು ಸುತ್ತುವುದು.

ಇದಕ್ಕಿಂತ ದೊಡ್ಡ ಪದ್ಧತಿ ಒಂದಿದೆ. ಓದು ನಡೆದಾಗ ಕೇಳುವವರು ನಡುವೆ ಬಾಯಿ ಹಾಕಬಹುದು. "ಬಾವಿ ಎಡಕ್ಕ ಇದ್ದಿದ್ದಿಲ್ಲ ತಗೀರಿ, ಬಲಕ್ಕ ಇತ್ತು" ಎಂದು ಯಾರಾದರೂ ಎದ್ದು ನಿಂತರೆ ಓದು ನಿಲ್ಲುತ್ತದೆ. ವಾದ ನಡೆಯುತ್ತದೆ. ಆ ಕಾಲದಲ್ಲಿ ಕಣ್ಣಾರೆ ಕಂಡ ಹಿರಿಯರೊಬ್ಬರು ಹೌದು ಅಥವಾ ಅಲ್ಲ ಅಂದರೆ ಅದೇ ತೀರ್ಮಾನ. ಬರೆದವರು ಎದುರಿಗೆ ಕೂತಿದ್ದರೂ ಅವರನ್ನು ಯಾರೂ ಕೇಳುವುದಿಲ್ಲ. ತೀರ್ಮಾನವಾದ ಮೇಲೆ ಓದುವವರು ಬಾವಿಯನ್ನು ಬಲಕ್ಕೆ ಸರಿಸಿ ಮುಂದೆ ಓದುತ್ತಾರೆ. ನನಗೆ ಈ ಪದ್ಧತಿ ಬಹಳ ಹಿಡಿಸಿತ್ತು.

ಹಬ್ಬ ಶುರುವಾದಾಗಿನಿಂದ ಓಣಿ ಓಣಿಗೂ ಹೊಟ್ಟೆಕಿಚ್ಚು. ಕತೆಯಲ್ಲಿ ಬಂದ ಓಣಿಯವರು ಎದೆಯುಬ್ಬಿಸಿಕೊಂಡು ಓಡಾಡುತ್ತಾರೆ, ಬರದ ಓಣಿಯವರು ಮುಖ ಗಂಟಿಕ್ಕುತ್ತಾರೆ. ಒಂದು ವರ್ಷ ಅಂಗಡಿ ಸಾಲಿನ ಓಣಿಯ ನಾಲ್ಕೈದು ಜನ ನನ್ನ ಹತ್ತಿರ ಬಂದರು. "ನಮ್ಮ ಓಣಿ ಯಾರ ಬರಹದಾಗೂ ಇಲ್ರಿ ಟೀಚರ್. ನಮ್ಮ ಓಣ್ಯಾಗ ಒಂದು ಆಕಳು ಹಾದು ಹೋತು ಅಂತ ಬರದ್ರೂ ನಡೀತೈತಿ, ಒಂದು ಸಾಲು ಬರಕೊಡ್ರಿ." ನಾನು ಹಿಗ್ಗಿ ಹೀರೇಕಾಯಿಯಾದೆ. ಒಂದು ಸಾಲೇಕೆ, ಒಂದು ಇಡೀ ಪ್ರಬಂಧವನ್ನೇ ಬರೆದುಕೊಟ್ಟೆ. ವಾರ ಕಳೆದ ಮೇಲೆ ಅವರಲ್ಲೊಬ್ಬರು ಸಿಕ್ಕಾಗ ಏನಾಯಿತು ಎಂದು ಕೇಳಿದೆ. "ಮಸ್ತ್ ಐತ್ರಿ. ಹೊಸಪೇಟೆಗೆ ಹೋದಾಗ ನಿಮ್ಮ ತಂಗ್ಯಾರಿಗೂ ಒಮ್ಮೆ ತೋರ್ಸಿದ್ವಿ. ಅಡ್ಡಿಯಿಲ್ಲ, ಓದ್ರಿ ಅಂದ್ರು" ಅಂದರು. ನನ್ನ ಬರಹಕ್ಕೆ ಅವಳ ಒಪ್ಪಿಗೆ ಬೇಕಾಯಿತು ನೋಡಿ. ಆ ವರ್ಷ ಆ ಓಣಿಯ ಮಿರ್ಚಿಯನ್ನು ನಾನು ಮುಟ್ಟಲಿಲ್ಲ.

ಇವೆಲ್ಲ ಸಣ್ಣ ಉರಿ. ನೀರು ಕುಡಿದರೆ ಆರುತ್ತದೆ. ಆರದ ಒಂದಿದೆ, ಅದು ಹರಿಗೋಲಿನ ಕತೆ.

ಹರಿಗೋಲಿನ ಕತೆ ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನನ್ನ ತಂಗಿಗೆ ಹೆಸರು ತಂದುಕೊಟ್ಟದ್ದೇ ಅದು. ಕಾಲೇಜಿನ ಹುಡುಗರು ಅದನ್ನು ಪಾಠವಾಗಿ ಓದಿದ್ದಾರೆ. ಕತೆಯಲ್ಲಿ ಒಬ್ಬ ಅಕ್ಕಿ ಗಿರಣಿಯ ಮಾಲೀಕ ಇದ್ದಾನೆ. ಮನೆಯಲ್ಲಿ ಅವನು ಕೆಮ್ಮಿದರೆ ಸಾಕು, ಎಲ್ಲರೂ ಗಪ್‌ಚುಪ್. ಯಾರೂ ಅವನು ನಕ್ಕಿದ್ದನ್ನು ಕಂಡಿಲ್ಲ. ಒಂದು ದಿನ ಅವನು ಹೊಳೆಯಾಚೆಯ ಊರಿಗೆ ಭತ್ತ ನೋಡಲು ಹೊರಡುವಾಗ, ಏನು ಮನಸ್ಸಿಗೆ ಬಂತೋ, ತನ್ನ ಪುಟ್ಟ ಮಗಳನ್ನೂ ಹರಿಗೋಲಿನಲ್ಲಿ ಕೂರಿಸಿಕೊಳ್ಳುತ್ತಾನೆ. ನಡು ಹೊಳೆಗೆ ಬಂದಾಗ ತಲೆಯ ರುಮಾಲು ಬಿಚ್ಚಿ ನೀರಲ್ಲಿ ಅದ್ದಿ ಹಿಂಡಿ ಮಗಳ ತಲೆಗೆ ಹಾಕುತ್ತಾನೆ. ಆಮೇಲೆ ಇದ್ದಕ್ಕಿದ್ದಂತೆ ಊರವರನ್ನೆಲ್ಲ ಅಣಕಿಸಲು ಶುರು ಮಾಡುತ್ತಾನೆ. ಅಕ್ಕಿ ಕಾಳನ್ನು ಹಲ್ಲಲ್ಲಿ ಕಡಿದು ಮುಖ ಸಿಂಡರಿಸಿ ಚೌಕಾಸಿ ಮಾಡುವ ಗಿರಾಕಿ, ಕನ್ನಡಕ ಮೂಗಿನ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕುವ ಗುಮಾಸ್ತ, ವಿಭೂತಿ ಹಚ್ಚುತ್ತ ಅರ್ಧ ನಿದ್ದೆ ಮಾಡುವ ಮಠದ ಅಯ್ಯನವರು, ನಲ್ಲಿಯ ಮುಂದೆ ಜಗಳಕ್ಕೆ ನಿಂತ ಹೆಂಡತಿ. ಹರಿಗೋಲಿನವನು ಹುಟ್ಟು ಹಾಕುವುದು ಬಿಟ್ಟು ನಗುತ್ತಾನೆ, ಹರಿಗೋಲು ನಿಂತಲ್ಲೇ ಗಿರಗಿರ ತಿರುಗುತ್ತದೆ. ಆಚೆ ದಂಡೆ ಬಂದ ಕೂಡಲೇ ಅಪ್ಪ ರುಮಾಲು ಸುತ್ತಿಕೊಂಡು ಮತ್ತೆ ಮೊದಲಿನ ಮಾಲೀಕನಾಗುತ್ತಾನೆ. ಮನೆಯಲ್ಲಿ ಹೇಳಬ್ಯಾಡ ಅನ್ನುತ್ತಾನೆ.

ಆ ಹುಡುಗಿ ಕತೆಯಲ್ಲಿ 'ನಾನು' ಎಂದು ಮಾತಾಡುತ್ತಾಳೆ. ಓದಿದವರೆಲ್ಲ ಅದು ನನ್ನ ತಂಗಿ ಎಂದೇ ತಿಳಿದಿದ್ದಾರೆ. ಹರಿಗೋಲಿನಲ್ಲಿ ಕೂತಿದ್ದವಳು ನಾನು. ನನ್ನ ತಂಗಿ ಅವತ್ತು ತೊಟ್ಟಿಲಲ್ಲಿದ್ದಳು.

ಅಪ್ಪ ಹೇಳಬ್ಯಾಡ ಅಂದದ್ದನ್ನು ನಾನು ಪಾಲಿಸಿದೆ. ನನಗೆ ಹನ್ನೆರಡಾದಾಗ ಅಪ್ಪ ತೀರಿಕೊಂಡ. ತಂಗಿಗೆ ಆಗ ನಾಲ್ಕು. ಸ್ವಲ್ಪ ದೊಡ್ಡವಳಾದ ಮೇಲೆ ಅವಳು ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿ ಅಳಲು ಶುರು ಮಾಡಿದಳು. ಫೋಟೋದಲ್ಲಿ ಅಪ್ಪ ಯಾರನ್ನೋ ಬೈಯಲು ಸಿದ್ಧನಾದವನಂತೆ ಕೂತಿದ್ದ. ಅವಳಿಗೆ ನೆನಪಿದ್ದ ಅಪ್ಪ ಅದೊಂದೇ. "ಅಪ್ಪ ಯಾವಾಗ್ಲೂ ಸಿಟ್ಟಿನ್ಯಾಗ ಇರ್ತಿದ್ನೇನಕ್ಕ?" ಎಂದು ಕೇಳುತ್ತಿದ್ದಳು. ಸುಮ್ಮನಾಗಿಸಲು ನಾನು ಹರಿಗೋಲಿನ ದಿನವನ್ನು ಹೇಳಿದೆ. ಅವಳು ಅಳು ನಿಲ್ಲಿಸಿದಳು. ಮರುದಿನ ಮತ್ತೆ ಹೇಳು ಅಂದಳು. ಹಾಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಗಿರಾಕಿಯ ಹಲ್ಲು, ಗುಮಾಸ್ತನ ಕನ್ನಡಕ, ಎಲ್ಲವನ್ನೂ ಅಪ್ಪ ಮಾಡಿದ ಹಾಗೇ ಮಾಡಿ ತೋರಿಸುತ್ತಿದ್ದೆ.

ಕತೆ ಅಚ್ಚಾದಾಗ ಅವಳು ನನಗೆ ತಿಳಿಸಲಿಲ್ಲ. ಹೊಸಪೇಟೆ ಬಸ್ ನಿಲ್ದಾಣದ ಪತ್ರಿಕೆಯ ಅಂಗಡಿಯಲ್ಲಿ ವಿಶೇಷಾಂಕ ತೂಗುಬಿದ್ದಿತ್ತು, ಮುಖಪುಟದಲ್ಲಿ ಅವಳ ಹೆಸರಿತ್ತು. ಹೆಮ್ಮೆಯಿಂದಲೇ ಕೊಂಡೆ, ಸುಳ್ಳೇಕೆ ಹೇಳಲಿ. ಕಂಪ್ಲಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು. ಬಸ್ಸು ಊರು ಬಿಟ್ಟು ಬಾಳೆ ತೋಟಗಳ ನಡುವೆ ಬರುವಷ್ಟರಲ್ಲಿ ಕತೆಯಲ್ಲಿ ರುಮಾಲು ನೀರಿಗೆ ಇಳಿದಿತ್ತು. ಗುಮಾಸ್ತ ಕನ್ನಡಕ ಹುಡುಕುವಾಗ ಸೆರಗು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು "ಯಾಕವ್ವಾ, ವಾಂತಿ ಬರಾಕತ್ತೈತೇನು?" ಎಂದು ಕಿಟಕಿ ಪೂರ್ತಿ ಸರಿಸಿದಳು.

ಕತೆ ಚೆನ್ನಾಗಿತ್ತು. ಅದನ್ನೇ ತಡೆಯಲಾಗಲಿಲ್ಲ. ಕೆಟ್ಟದಾಗಿ ಬರೆದಿದ್ದರೆ ನಾನು ಅದನ್ನು ಮರುಕದಿಂದ ಮರೆಯುತ್ತಿದ್ದೆ. ಒದ್ದೆ ರುಮಾಲಿನಿಂದ ಹನಿಯೊಂದು ಇಳಿದು ಹುಡುಗಿಯ ಬೆನ್ನಿನಲ್ಲಿ ಹರಿದದ್ದನ್ನು ಅವಳು ಬರೆದಿದ್ದಳು. ಅದು ನನ್ನ ಬೆನ್ನು. ಆ ಹನಿಯ ಬಗ್ಗೆ ನಾನು ಅವಳಿಗೆ ಹೇಳಿಯೇ ಇರಲಿಲ್ಲ, ನನಗೇ ಮರೆತುಹೋಗಿತ್ತು. ಓದಿದ ಮೇಲೆ ತಣ್ಣಗೆ ನೆನಪಾಯಿತು.

ಮುಂದೆ ಒಂದು ಸಲ ನಾನೇ ಅಪ್ಪನ ಬಗ್ಗೆ ಬರೆದು ವಾರಪತ್ರಿಕೆಯೊಂದಕ್ಕೆ ಕಳಿಸಿದೆ. ಸಂಪಾದಕರು ಫೋನು ಮಾಡಿದರು. ಒಳ್ಳೆಯವರು, ನಯವಾಗಿ ಮಾತಾಡಿದರು. "ಬರವಣಿಗೆ ಚೆನ್ನಾಗಿದೆ ಮೇಡಂ. ಆದರೆ ಇದು ನಿಮ್ಮ ತಂಗಿಯವರ ಕತೆಗೆ ತೀರಾ ಹತ್ತಿರವಾಯಿತು. ಓದುಗರು ತಪ್ಪು ತಿಳಿಯುತ್ತಾರೆ. ನೀವು ನಿಮ್ಮದೇ ಅನುಭವ ಏನಾದರೂ ಬರೆಯಿರಿ." ನನ್ನದೇ ಅನುಭವ! ಫೋನಿಟ್ಟು ಹಿತ್ತಲಿಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ತಿಕ್ಕಿದೆ. ಅಪ್ಪ ನನ್ನ ಜೊತೆ ಕಳೆದದ್ದು ಒಂದೇ ಒಂದು ದಿನ. ಅದನ್ನು ನನ್ನದು ಅಂದರೆ ಕದ್ದವಳು ನಾನಾಗುತ್ತೇನೆ.

ತಂಗಿಯ ಹತ್ತಿರ ಈ ಮಾತು ಎತ್ತಲಿಲ್ಲ. ಯುಗಾದಿಗೆ ಬರುತ್ತಿದ್ದಳು, ದೀಪಾವಳಿಗೆ ಬರುತ್ತಿದ್ದಳು, ಹೋಳಿಗೆ ತಿಂದು ಹೋಗುತ್ತಿದ್ದಳು. ನನ್ನ ಗಂಡನಿಗೆ ಮಾತ್ರ ಹೇಳಿಕೊಂಡಿದ್ದೆ. "ಆತು ಬಿಡು, ಹೊರಗಿನಾಕಿ ಏನಲ್ಲಲ್ಲ, ತಂಗಿ" ಅಂದರು. ಹೊರಗಿನವಳಾಗಿದ್ದರೆ ಎಷ್ಟೋ ವಾಸಿ ಇತ್ತು.

ಈ ವರ್ಷ ಹಲಗೆ ಹೊಡೆದು ಚಹಾ ಕುಡಿಯುವಾಗ ಸಮಿತಿಯ ಅಧ್ಯಕ್ಷರು, ಈ ಸಲ ಹರಿಗೋಲಿನ ಕತೆಯನ್ನು ಕೋಟೆಯ ಹತ್ತಿರ ಹೊಳೆ ದಂಡೆಯಲ್ಲೇ ಓದಿಸುತ್ತೇವೆ ಎಂದರು. ಅವರದೂ ಅಕ್ಕಿ ಗಿರಣಿ, ಮೈಕು ಕಂಡರೆ ಬಿಡುವವರಲ್ಲ. "ತಂಗ್ಯಾರು ಬರ್ತೀನಿ ಅಂದಾರ. ಸಂಡೂರಿನವ್ರು ಒಂದು ವ್ಯಾನ್ ತುಂಬ ಬರಾಕತ್ಯಾರ, ಅಲ್ಲೂ ಹಿಂಗ ಶುರು ಮಾಡ್ಬೇಕಂತ. ನೀವು ಜಲ್ದಿ ಬಂದು ಮುಂದ ಕುಂದ್ರಿ."

ಮುಂದೆ ಕೂರುತ್ತೇನೆ ಅಂದೆ. ಅವರು ಹೋದ ಮೇಲೆ ಮನಸ್ಸಿನಲ್ಲಿ ಒಂದು ಯೋಚನೆ ಹೊಕ್ಕಿತು. ಕಟ್ಟೆ ಓದಿನಲ್ಲಿ ಕೇಳುವವರು ಬಾಯಿ ಹಾಕಬಹುದಲ್ಲ. ಬಾವಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಎದ್ದು ಕೇಳುವ ಊರಿನಲ್ಲಿ, ಹರಿಗೋಲಿನಲ್ಲಿ ಯಾರಿದ್ದರು ಎಂದು ನಾನೇಕೆ ಹೇಳಬಾರದು? ಊಟದ ಪಂಕ್ತಿಯ ನಡುವೆ ಜಗಳ ತೆಗೆದ ಹಾಗೆ ಆಗುವುದಿಲ್ಲ, ಪದ್ಧತಿಯ ಪ್ರಕಾರವೇ ಆಗುತ್ತದೆ. ಊರು ತೀರ್ಮಾನಿಸಿದ ಮೇಲೆ ಯಾವ ಸಂಪಾದಕರೂ ಮಾತಾಡುವಂತಿಲ್ಲ. ಅವತ್ತಿನಿಂದ ಹಬ್ಬದ ತನಕ ನಾನು ತರಕಾರಿ ಹೆಚ್ಚುವಾಗಲೂ ಆ ಒಂದು ವಾಕ್ಯವನ್ನು ಬಾಯಲ್ಲೇ ಹೊರಳಿಸುತ್ತಿದ್ದೆ.

ತಂಗಿ ಹಿಂದಿನ ದಿನ ಸಂಜೆಯೇ ಬಂದಳು. ಹಲಗೆ ನೋಡಿ ನಾಚಿಕೊಂಡಳು. "ಅಯ್ಯ, ಇದೆಲ್ಲ ಯಾಕ ಬೇಕಿತ್ತಕ್ಕ" ಅಂದಳು, ಅಂದು ಫೋನು ತೆಗೆದು ಅದರ ಫೋಟೋ ಹೊಡೆದುಕೊಂಡಳು. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಅವಳನ್ನು ಮಾತಾಡಿಸಿದರು. ಬಂದವರು ನನ್ನ ಕಡೆ ನೋಡಿ "ನೀರು ಕೊಡ್ರಿ ಟೀಚರ್" ಅನ್ನುತ್ತಿದ್ದರು. ಮಿರ್ಚಿ ತರಲು ನನಗಾಗಿ ಎಂದೂ ಚಪ್ಪಲಿ ಮೆಟ್ಟದ ನನ್ನ ಗಂಡ ಅವಳಿಗಾಗಿ ಎರಡು ಸಲ ಅಂಗಡಿಗೆ ಹೋಗಿ ಬಂದರು. ಅವಳ ಕೂದಲು ಇನ್ನೂ ಕಪ್ಪಗಿತ್ತು. ಬಣ್ಣ ಹಚ್ಚುವುದಿಲ್ಲವಂತೆ. ಅದನ್ನೂ ಹೊಟ್ಟೆಗೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಹೊಳೆ ದಂಡೆಯಲ್ಲಿ ಜನವೋ ಜನ. ಹಂಪಿಯ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಒಂದು ಹರಿಗೋಲು ತರಿಸಿ, ಅಂಚಿಗೆಲ್ಲ ಚೆಂಡುಹೂವಿನ ಸರ ಕಟ್ಟಿ, ದಂಡೆಗೆ ತಾಗಿಸಿ ನಿಲ್ಲಿಸಿದ್ದರು. ತಂಗಿಯನ್ನು ಅದರೊಳಗೆ ಕೂರಿಸಿದರು. ನಾನು ಮೆಟ್ಟಿಲ ಮೇಲೆ ಕೂತೆ. "ಟೀಚರ್ನೂ ಒಳಗ ಕುಂದ್ರಸ್ರಿ" ಎಂದು ಯಾರೋ ಪುಣ್ಯಾತ್ಮರು ಅಂದರು. ಅಷ್ಟರಲ್ಲಿ ಫೋಟೋ ತೆಗೆಯುವವನು ಹತ್ತಿಬಿಟ್ಟಿದ್ದ. ಇಬ್ಬರಿಗಿಂತ ಹೆಚ್ಚಾದರೆ ವಾಲುತ್ತದೆ ಅಂದರು.

ಕೋಟೆ ಓಣಿಯ ಸೊಸೆಯೊಬ್ಬಳು ಓದಲು ನಿಂತಳು. ಗಂಟೆ ಬಾರಿಸಿದಂಥ ದನಿ. ಓದು ಶುರುವಾದ ಕೂಡಲೇ ಹಿಂದಿನಿಂದ ಒಬ್ಬ ಮುದುಕ ಎದ್ದು, "ಆಗಿನ ಹರಿಗೋಲಿಗೆ ಚರ್ಮ ಹಾಕತಿದ್ರು, ಇದು ಪ್ಲಾಸ್ಟಿಕ್ ಐತಿ" ಅಂದ. ಎಲ್ಲರೂ ಹೌದು ಹೌದು ಅಂದರು. ಸಂಡೂರಿನವರಿಗೆ ಬಹಳ ಖುಷಿಯಾಯಿತು. ಓದು ಮುಂದುವರಿಯಿತು. ಅಪ್ಪ ಹೊರಟ, ಮಗಳ ಕೈ ಹಿಡಿದ, ಹರಿಗೋಲು ದಂಡೆ ಬಿಟ್ಟಿತು. ರುಮಾಲು ನೀರಿಗೆ ಅದ್ದುವಾಗ ನಾನು ಎದ್ದು ನಿಂತೆ.

"ಒಂದು ತಪ್ಪೈತಿ" ಅಂದೆ.

ಓದು ನಿಂತಿತು. ಎಲ್ಲರೂ ತಿರುಗಿದರು. ತಂಗಿಯೂ ತಿರುಗಿದಳು.

"ಆ ಹುಡುಗಿ ನನ್ನ ತಂಗಿ ಅಲ್ಲ. ಅವತ್ತು ಹರಿಗೋಲಿನ್ಯಾಗ ಕುಂತಿದ್ದಾಕಿ ನಾನು."

ಅವಳು ಆಗ ತೊಟ್ಟಿಲಲ್ಲಿದ್ದಳು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮುಂದೆ ಕುರ್ಚಿಯ ಮೇಲೆ ಕೂತಿದ್ದ ನಮ್ಮ ಪಕ್ಕದ ಮನೆಯ ಅಜ್ಜಿ ಕೋಲು ಎತ್ತಿದಳು. ನಮ್ಮಿಬ್ಬರಿಗೂ ಬಾಲ್ಯದಲ್ಲಿ ಎಣ್ಣೆ ಹಚ್ಚಿ ತಲೆ ಬಾಚಿದವಳು.

"ನೀ ಸುಮ್ಕ ಕುಂದ್ರವ್ವಾ. ನಾ ಬಟ್ಟಿ ಒಗ್ಯಾಕ ಬಂದಾಕಿ ಇದ ಬಂಡಿ ಮ್ಯಾಲ ಕುಂತಿದ್ದೆ. ಕಣ್ಣಾರೆ ಕಂಡೀನಿ. ಸಣ್ಣಾಕಿನ ಹೋಗಿದ್ಲು. ಕೈ ಬೀಸಿ ಅತ್ತೀ ಅಂತ ಕರದ್ಲು ನನಗ."

ಕೈ ಬೀಸಿದ್ದು ನಾನು. ಅಜ್ಜಿ ಬಂಡೆಯ ಮೇಲೆ ಇದ್ದದ್ದೂ ನಿಜ. ಆ ಕತೆಯನ್ನು ಅವಳಿಗೆ ಯಾರ್ಯಾರೋ ಎಷ್ಟೋ ಸಲ ಓದಿ ಹೇಳಿದ್ದರು. ಓದಿ ಓದಿ ಅವಳ ಕಣ್ಣೊಳಗೆ ನನ್ನನ್ನು ಎಬ್ಬಿಸಿ ಆ ಜಾಗದಲ್ಲಿ ತಂಗಿಯನ್ನು ಕೂರಿಸಿಬಿಟ್ಟಿದ್ದರು. ಸುಳ್ಳು ಹೇಳುವ ಮುದುಕಿಯಲ್ಲ ಅವಳು. ತೊಟ್ಟಿಲ ಕೂಸು ಕೈ ಬೀಸುವುದಾದರೂ ಹೇಗೆ ಎಂದು ಯಾರಿಗೂ ಹೊಳೆಯಲಿಲ್ಲ. ಕಣ್ಣಾರೆ ಕಂಡ ಹಿರಿಯರು ಹೇಳಿದ ಮೇಲೆ ಮುಗಿಯಿತು, ಪದ್ಧತಿ ಪದ್ಧತಿಯೇ.

ಸಮಿತಿಯ ಅಧ್ಯಕ್ಷರಿಗೆ ಇದು ಬಯಸದೇ ಬಂದ ಭಾಗ್ಯವಾಯಿತು. ಮೈಕು ಕಿತ್ತುಕೊಂಡರು. "ನೋಡ್ರಿ, ಸಂಡೂರಿನವ್ರೂ ನೋಡ್ರಿ. ಇದಕ್ಕ ಅನ್ನೋದು ಕತಿ ಶಕ್ತಿ ಅಂತ! ಓದಿದ ಪ್ರತಿಯೊಬ್ರಿಗೂ ಆ ಹುಡುಗಿ ನಾನೇ ಅನ್ನಸ್ತೈತಿ. ಸ್ವಂತ ಅಕ್ಕಗೂ ಹಂಗ ಅನ್ನಸ್ತಂದ್ರ ಇನ್ನೇನು ಬೇಕ್ರಿ? ಟೀಚರ್ಗೆ ಒಂದು ಜೋರು ಚಪ್ಪಾಳಿ ಹೊಡೀರಿ!"

ಹೊಡೆದರು. ನನ್ನ ಜೀವಮಾನದಲ್ಲಿ ನನಗೆ ಬಿದ್ದ ಅತಿ ದೊಡ್ಡ ಚಪ್ಪಾಳೆ ಅದು. ನಾನು ಕೂತೆ. ಓದು ಮುಗಿಯುವ ತನಕ ಸೀರೆಯ ಅಂಚಿನ ದಾರ ಎಳೆಯುತ್ತ ಕೂತಿದ್ದೆ. ಹರಿಗೋಲಿನೊಳಗೆ ತಂಗಿ ಚಪ್ಪಾಳೆ ತಟ್ಟಿರಲಿಲ್ಲ ಎಂಬುದನ್ನು ಮಾತ್ರ ಗಮನಿಸಿದೆ.

ಮಧ್ಯಾಹ್ನ ಮನೆಗೆ ಬಂದೆವು. ನನ್ನ ಗಂಡ ಬಾಡಿಗೆಯ ಕುರ್ಚಿ ಎಣಿಸಿ ಕೊಡಲು ಅಲ್ಲೇ ಉಳಿದಿದ್ದರು. ಅಡುಗೆಮನೆಯಲ್ಲಿ ನಾವಿಬ್ಬರೇ. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದೆ. ಅವಳು ರೊಟ್ಟಿ ಮುರಿದಳು, ಬಾಯಿಗೆ ಹಾಕಲಿಲ್ಲ.

"ಇಷ್ಟು ವರ್ಷ ಒಮ್ಮಿನೂ ಕೇಳ್ಲಿಲ್ಲ ನೀ" ಅಂದಳು.

"ಕೇಳೋದೇನೈತಿ? ಅದು ನಂದು ಅಂತ ನಿನಗ ಗೊತ್ತಿರ್ಲಿಲ್ಲೇನು?"

"ಗೊತ್ತಿತ್ತು."

ನಾನು ಹಂಚಿನ ಮೇಲೆ ಇನ್ನೊಂದು ರೊಟ್ಟಿ ಹಾಕಿದೆ. ಯಾರೂ ಕೇಳಿರಲಿಲ್ಲ.

"ಮೊದ್ಲು ಇದ್ದದ್ದು ಇದ್ದಂಗ ಬರದಿದ್ದೆ ಅಕ್ಕ. ಅಕ್ಕನೂ ಅಪ್ಪನೂ ಹರಿಗೋಲು ಹತ್ತಿದ್ರು ಅಂತ. ಬರದ್ರ ನಾ ಮನ್ಯಾಗ ತೊಟ್ಲಾಗ ಉಳದೆ. ಎಷ್ಟು ಸಲ ಬರದ್ರೂ ಹಂಗ. ನೀವಿಬ್ರೂ ನಕ್ಕೋತ ಹೋಗ್ತಿದ್ರಿ, ನಾ ಜಂತಿ ನೋಡ್ಕೋತ ಮಕ್ಕೊಂಡಿರ್ತಿದ್ದೆ. ನನಗೂ ಹತ್ತಬೇಕಾಗಿತ್ತು. ಅದಕ್ಕ ನಿನ್ನ ಇಳಿಸಿದೆ."

ಉಪ್ಪು ಕೇಳಿದಷ್ಟು ಸರಾಗವಾಗಿ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಇಳಿಸಿದ್ದಕ್ಕಷ್ಟೇ ಅಲ್ಲ, ಅದನ್ನು ಇಷ್ಟು ಚೆನ್ನಾಗಿ ಹೇಳಿದ್ದಕ್ಕೆ. ಇಷ್ಟು ವರ್ಷ ನಾನು ಮೈ ಪರಚಿಕೊಂಡು ಹುಡುಕಿದರೂ ನನಗೆ ಅಂಥದೊಂದು ವಾಕ್ಯ ಸಿಕ್ಕಿರಲಿಲ್ಲ.

"ನಿನಗ ಅಪ್ಪ ಹನ್ನೆರಡು ವರ್ಷ ಸಿಕ್ಕ" ಅಂದಳು. "ನನಗ ಆ ಒಂದು ದಿನ ಕೊಟ್ಟಿ ಅಂತ ತಿಳಕೊಂಡಿದ್ದೆ."

"ಕೊಟ್ಟಿದ್ದಿಲ್ಲ. ಹೇಳಿದ್ದೆ ಅಷ್ಟ."

ಅವಳು ತಲೆ ಆಡಿಸಿದಳು. ಸ್ವಲ್ಪ ಹೊತ್ತು ಉಂಡಳು. ಹಂಚಿನ ರೊಟ್ಟಿ ಹೊತ್ತಿದ ವಾಸನೆ ಬಂದಾಗ ಎದ್ದು ತಾನೇ ತೆಗೆದಳು. ಆಮೇಲೆ ನನ್ನ ಕಡೆ ಬೆನ್ನು ಮಾಡಿಕೊಂಡೇ ಕೇಳಿದಳು. "ಅಪ್ಪ ಅವತ್ತು ಎಲ್ಲಾರ್ನೂ ಅಣಕಿಸಿದ ಅಂತಿದ್ದೆಲ್ಲ. ಅವ್ವನ್ನ ಸೈತ. ನಂದೇನರ ಮಾಡಿದ್ನೇನು?"

"ನೀ ಇನ್ನಾ ಹಸಿ ಕೂಸು" ಅಂದೆ. "ನಿಂದೇನು ಅಣಕಿಸ್ತಾನ?"

"ಹೌದಲ್ಲ" ಅಂದಳು.

ಸಂಜೆಯ ಬಸ್ಸಿಗೆ ಅವಳನ್ನು ಕಳಿಸಿ ಬಂದೆ. ಹತ್ತುವಾಗ ನನ್ನ ಕೈ ಹಿಡಿದುಕೊಂಡಳು, ನಾನು ಬಿಡಿಸಿಕೊಳ್ಳಲಿಲ್ಲ.

ಅಪ್ಪ ಅವಳದನ್ನೂ ಮಾಡಿದ್ದ. ಎಲ್ಲರದೂ ಮುಗಿದ ಮೇಲೆ, ಆಚೆ ದಂಡೆ ಇನ್ನು ಸ್ವಲ್ಪವೇ ಇದೆ ಅನ್ನುವಾಗ. ಎರಡೂ ಮು‌ಷ್ಟಿ ಕಟ್ಟಿ ಗಲ್ಲಕ್ಕೆ ಒತ್ತಿಕೊಂಡ. ಕಣ್ಣು ಮುಚ್ಚಿ, ತುಟಿ ಚೂಪು ಮಾಡಿ, ಹಸಿದ ಕೂಸಿನ ಹಾಗೆ ಗಾಳಿಯಲ್ಲಿ ಹಾಲು ಹುಡುಕಿದ. ದೊಡ್ಡದಾಗಿ ಆಕಳಿಸಿದ. ಆಕಳಿಕೆಯ ನಡುವೆ ಪುಟ್ಟದಾಗಿ ಸೀನಿ ತನ್ನ ಸೀನಿಗೆ ತಾನೇ ಬೆಚ್ಚಿಬಿದ್ದ. ಗಿರಾಕಿ, ಗುಮಾಸ್ತ, ಅಯ್ಯನವರು, ಅವ್ವ, ಇವರೆಲ್ಲರನ್ನು ಅಣಕಿಸುವಾಗ ನಕ್ಕವರು ನಾನು ಮತ್ತು ಹರಿಗೋಲಿನವನು. ಅಪ್ಪನ ಮುಖ ಬಿಗಿಯಾಗೇ ಇತ್ತು. ಕೂಸನ್ನು ಅಣಕಿಸಿದಾಗ ಮಾತ್ರ ಅಪ್ಪನಿಗೇ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಅಪ್ಪ ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಾನು ಆಗ ನಗು ನಿಲ್ಲಿಸಿದ್ದೆ. ನನಗೆ ಎಂಟು ವರ್ಷ. ಒಂದು ದಿನದ ಮಟ್ಟಿಗೆ ಅಪ್ಪ ಪೂರ್ತಿ ನನ್ನವನಾಗಿದ್ದ. ಅಲ್ಲಿಗೂ ಅವಳು ಬಂದಿದ್ದಳು. ಅದಕ್ಕೇ ಅವಳಿಗೆ ಎಷ್ಟು ಸಲ ಹೇಳಿದರೂ ಅದೊಂದನ್ನು ಹೇಳುತ್ತಿರಲಿಲ್ಲ. ಅವತ್ತು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡು ಕೇಳಿದಾಗಲೂ ಹೇಳಲಿಲ್ಲ. ಹೇಳಿದ್ದರೆ ಬರುವ ನವೆಂಬರಿಗೆ ಊರು ಅದನ್ನೂ ಅವಳ ಕತೆ ಎಂದು ಓದುತ್ತಿತ್ತು, ಅಜ್ಜಿ ಅದನ್ನೂ ಕಣ್ಣಾರೆ ಕಂಡೆ ಅನ್ನುತ್ತಿದ್ದಳು.

ಈಗ ಹೇಳುತ್ತಿದ್ದೇನೆ. ಅಪ್ಪ ಅವತ್ತು ನಕ್ಕಿದ್ದು ನಿನ್ನ ಸಲುವಾಗಿ ತಂಗಿ, ನನ್ನ ಸಲುವಾಗಿ ಅಲ್ಲ. ತೊಗೋ. ಆದರೆ ಇದನ್ನು ಮೊದಲು ಬರೆದವಳು ನಾನು.